ಡೆನ್ಮಾರ್ಕ್‌ನ ದಕ್ಷಿಣ ದ್ವೀಪಗಳಲ್ಲಿ ವಾಹನಗಳ ಸದ್ದಿಲ್ಲದ ಸೈಕಲ್ ದಾರಿ ಯಾವುದು?

ಪ್ರಶ್ನೆ: ಕೋಪನ್‌ಹೇಗನ್ ವಾಸಿ

ಎಲ್ಲರಿಗೂ ನಮಸ್ಕಾರ. ಜೂನ್ ತಿಂಗಳಲ್ಲಿ ನನ್ನ ಅಕ್ಕ ಶಿವಮೊಗ್ಗದಿಂದ ಇಲ್ಲಿಗೆ ಬರುತ್ತಿದ್ದಾಳೆ. ಶಾಲಾ ಶಿಕ್ಷಕಿಯಾಗಿದ್ದ ಅವಳು ಸೇವೆಯುದ್ದಕ್ಕೂ ಸೈಕಲ್ಲಿನಲ್ಲಿಯೇ ಶಾಲೆಗೆ ಹೋಗಿಬಂದವಳು. ನಿವೃತ್ತಿಯ ನಂತರವೂ ಬೆಳಗಿನ ಹೊತ್ತು ತುಂಗೆಯ ದಂಡೆಯವರೆಗೆ ಸೈಕಲ್ ತುಳಿಯುವ ಅಭ್ಯಾಸವನ್ನು ಬಿಟ್ಟಿಲ್ಲ. ಅರಮನೆ, ವಸ್ತುಸಂಗ್ರಹಾಲಯಗಳನ್ನು ನೋಡುವುದಕ್ಕಿಂತ ಹಳ್ಳಿಗಾಡಿನಲ್ಲಿ ಒಂದು ವಾರ ಸೈಕಲ್ ಮೇಲೆ ತಿರುಗಾಡಬೇಕೆಂಬುದು ಅವಳ ಆಸೆ. ನನಗೂ ಅದೇ ಇಷ್ಟ.

ನಾನು ಇಲ್ಲಿ ದಿನವೂ ಕಚೇರಿಗೆ ಸೈಕಲ್ಲಿನಲ್ಲೇ ಹೋಗುತ್ತೇನೆ. ಆದರೆ ನಗರದಲ್ಲಿ ಸೈಕಲ್ಲಿಗೆಂದೇ ಪ್ರತ್ಯೇಕ ಪಥವಿರುತ್ತದೆ. ಊರು ದಾಟಿದ ಮೇಲೆ ಅನೇಕ ಕಡೆ ಆ ಪಥ ಮುಗಿದುಹೋಗಿ, ಗಂಟೆಗೆ 80 ಕಿಲೋಮೀಟರ್ ವೇಗದ ಮಿತಿಯಿರುವ ರಸ್ತೆಯಲ್ಲಿ ಕಾರು, ಲಾರಿಗಳ ಜೊತೆಯಲ್ಲೇ ಸಾಗಬೇಕಾಗುತ್ತದೆ. ಬೆನ್ನ ಹಿಂದಿನಿಂದ ಬರುವ ಲಾರಿಯ ಸದ್ದಿಗೆ ಅಕ್ಕ ಬಹಳ ಹೆದರುತ್ತಾಳೆ. ರಾಷ್ಟ್ರೀಯ ಸೈಕಲ್ ಮಾರ್ಗಗಳ ನೀಲಿ ಫಲಕಗಳನ್ನು ನಂಬಿ ಹೋದರೆ ಸಾಕೇ ಎಂದು ಯೋಚಿಸಿದೆ, ಆದರೆ ಆ ಮಾರ್ಗಗಳೂ ಕೆಲವು ಕಡೆ ದೊಡ್ಡ ರಸ್ತೆಯ ಪಕ್ಕದಲ್ಲಿಯೇ ಹೋಗುತ್ತವೆ. ಪಕ್ಕದಲ್ಲಿ ಪಥವಿದ್ದರೆ ಅಪಾಯವಿಲ್ಲ ಎಂಬುದು ನಿಜ. ಆದರೆ ಸದ್ದು ತಪ್ಪುವುದಿಲ್ಲ, ಮತ್ತು ನಾವು ಹೊರಟಿರುವುದೇ ಆ ಸದ್ದಿನಿಂದ ದೂರವಾಗುವುದಕ್ಕೆ.

ದಿನಕ್ಕೆ 40 ಕಿಲೋಮೀಟರ್ ಆಸುಪಾಸಿನಲ್ಲಿ ತುಳಿಯಬಲ್ಲೆವು. ಯಾವ ರಸ್ತೆ ಸದ್ದಿಲ್ಲದ್ದು ಎಂಬುದನ್ನು ಹೋಗುವ ಮೊದಲೇ ನಕ್ಷೆಯಲ್ಲಿ ಗುರುತಿಸುವುದು ಹೇಗೆ? ಯಾವ ದಿಕ್ಕಿಗೆ ಹೋಗುವುದು ಲೇಸು? ನಾವಿಬ್ಬರೂ ಸಸ್ಯಾಹಾರಿಗಳು; ಹಳ್ಳಿಗಳಲ್ಲಿ ಊಟಕ್ಕೆ ಏನು ಮಾಡುವುದು? ಈ ಭಾಗದಲ್ಲಿ ತಿರುಗಾಡಿದವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಓಡೆನ್ಸೆ ನಿವಾಸಿ

ಮೊದಲು ದಾರಿಯನ್ನು ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ. ರೈಲಿನಲ್ಲಿ ಓಡೆನ್ಸೆಯ ಮೂಲಕ ಫ್ಯೂನ್ ದ್ವೀಪದ ತೆಂಕಣ ತುದಿಯ ಸ್ವೆಂಡ್‌ಬೋರ್ಗ್‌ಗೆ ಬನ್ನಿ. ಅಲ್ಲಿಂದ ಪೂರ್ವಕ್ಕೆ ಮುಖ ಮಾಡಿ ಟೋಸಿಂಗೆ, ಲಾಂಗೆಲಾಂಡ್, ಲೋಲಾಂಡ್, ಫಾಲ್ಸ್ಟರ್, ಬೋಗ್ಯೋ, ಮ್ಯೋನ್ ದ್ವೀಪಗಳನ್ನು ಒಂದಾದ ಮೇಲೊಂದು ದಾಟಿ, ಕೊನೆಗೆ ವೊರ್ಡಿಂಗ್‌ಬೋರ್ಗ್‌ನಲ್ಲಿ ರೈಲು ಹತ್ತಿ ಮನೆಗೆ ಮರಳಿ. ಸುತ್ತುಬಳಸು ಸೇರಿ 200 ಕಿಲೋಮೀಟರಿಗೂ ಸ್ವಲ್ಪ ಹೆಚ್ಚಾಗುತ್ತದೆ; ನಿಮ್ಮ ಒಂದು ವಾರಕ್ಕೆ ಸರಿಯಾಗಿ ಹೊಂದುತ್ತದೆ.

ಪೂರ್ವಕ್ಕೆ ಎಂದು ಒತ್ತಿ ಹೇಳಲು ಕಾರಣ ಗಾಳಿ. ಈ ದೇಶದಲ್ಲಿ ವರ್ಷದ ಬಹುಪಾಲು ಗಾಳಿ ಬೀಸುವುದು ಪಶ್ಚಿಮದಿಂದ ಅಥವಾ ನೈರುತ್ಯದಿಂದ. ಬೆಟ್ಟಗಳಿಲ್ಲದ ನಾಡಿನಲ್ಲಿ ಸೈಕಲ್ಲಿಗೆ ಏರು ಎಂದರೆ ಎದುರುಗಾಳಿಯೇ. ಅದಕ್ಕಿಂತಲೂ ಮುಖ್ಯವಾದ ವಿಷಯವೆಂದರೆ, ಎದುರುಗಾಳಿ ಕಿವಿಯಲ್ಲಿ ಮೊರೆಯುತ್ತಿರುವಾಗ ಹಿಂದಿನಿಂದ ಬರುವ ವಾಹನ ತೀರ ಹತ್ತಿರ ಬರುವವರೆಗೂ ಕೇಳಿಸುವುದಿಲ್ಲ. ಗಾಳಿ ಬೆನ್ನಿಗಿದ್ದರೆ ಕಿವಿ ಶಾಂತವಾಗಿರುತ್ತದೆ, ದೂರದಲ್ಲಿರುವಾಗಲೇ ವಾಹನದ ಸುಳಿವು ಸಿಗುತ್ತದೆ, ಬಾನಾಡಿಯ ಹಾಡೂ ಕೇಳಿಸುತ್ತದೆ. ಅಕ್ಕನವರ ಹೆದರಿಕೆಗೆ ಅರ್ಧ ಪರಿಹಾರ ಇದರಲ್ಲಿಯೇ ಇದೆ ಎಂಬುದು ನನ್ನ ಅನಿಸಿಕೆ. ಹೊರಡುವ ವಾರ ಪೂರ್ವದ ಗಾಳಿ ಮುನ್ಸೂಚನೆಯಲ್ಲಿ ಕಂಡರೆ ಯಾವ ಸಂಕೋಚವೂ ಇಲ್ಲದೆ ಇಡೀ ಪ್ರವಾಸವನ್ನು ತಿರುವುಮುರುವು ಮಾಡಿ, ವೊರ್ಡಿಂಗ್‌ಬೋರ್ಗ್‌ನಿಂದ ಆರಂಭಿಸಿ.

ಇನ್ನು ನಕ್ಷೆಯ ವಿಷಯ. ಇಲ್ಲಿನ ಹಳ್ಳಿಗಾಡಿನಲ್ಲಿ ಸಣ್ಣ ಡಾಂಬರು ರಸ್ತೆಗಳು ಇಷ್ಟೊಂದು ದಟ್ಟವಾಗಿ ಹೆಣೆದುಕೊಂಡಿರುವುದಕ್ಕೆ ಇತಿಹಾಸದ ಕಾರಣವಿದೆ. 18ನೇ ಶತಮಾನದ ಕೊನೆಯವರೆಗೂ ರೈತರೆಲ್ಲರೂ ಹಳ್ಳಿಯ ನಡುವೆ ಒತ್ತಾಗಿ ಮನೆ ಮಾಡಿಕೊಂಡು, ಸುತ್ತಲಿನ ಹೊಲಗಳಲ್ಲಿ ಚೂರುಚೂರಾಗಿ ಹಂಚಿಹೋದ ಪಟ್ಟಿಗಳನ್ನು ಉಳುತ್ತಿದ್ದರು. 1781ರ ಶಾಸನದ ನಂತರ ಒಬ್ಬೊಬ್ಬ ರೈತನ ಭೂಮಿಯನ್ನೂ ಒಂದೇ ಕಡೆ ಒಟ್ಟುಗೂಡಿಸಿ ಕೊಡುವ ಕೆಲಸ ವೇಗ ಪಡೆಯಿತು. 1788ರಲ್ಲಿ ರೈತನನ್ನು ಹುಟ್ಟಿದ ಜಮೀನ್ದಾರಿಗೇ ಕಟ್ಟಿಹಾಕಿದ್ದ ನಿರ್ಬಂಧವೂ ರದ್ದಾಯಿತು. ಆಗ ಅನೇಕರು ಹಳ್ಳಿಯೊಳಗಿನ ಮನೆಯನ್ನು ಕಳಚಿ ತಮ್ಮ ಹೊಲದ ನಡುವೆಯೇ ಹೊಸದಾಗಿ ಕಟ್ಟಿಕೊಂಡರು. ಹಾಗೆ ಚದುರಿದ ಪ್ರತಿಯೊಂದು ಮನೆಗೂ ಒಂದು ದಾರಿ ಬೇಕಾಯಿತು, ಆ ದಾರಿಗಳೇ ಇಂದಿನ ಕಿರುರಸ್ತೆಗಳು. ಊರಿಂದೂರಿಗೆ ಅವಸರದಲ್ಲಿ ಹೋಗುವವನಿಗೆ ಅವುಗಳಿಂದ ಪ್ರಯೋಜನವಿಲ್ಲ, ಏಕೆಂದರೆ ಅವು ಹೊಲದ ಅಂಚು ಹಿಡಿದು ನೂರಿನ್ನೂರು ಮೀಟರಿಗೊಮ್ಮೆ ತಿರುಗುತ್ತವೆ. ಅಲ್ಲಿ ವಾಹನಗಳಿಲ್ಲದಿರುವುದು ಆ ತಿರುವುಗಳಿಂದಾಗಿಯೇ.

ಆದ್ದರಿಂದ ನಕ್ಷೆಯಲ್ಲಿ ನೋಡಬೇಕಾದದ್ದು ಇಷ್ಟು. ಸಂಖ್ಯೆ ಹೊತ್ತ ರಸ್ತೆಗಳನ್ನು, ಅದು ಎರಡಂಕಿಯದಿರಲಿ ಮೂರಂಕಿಯದಿರಲಿ, ದಾಟುವುದಕ್ಕಷ್ಟೇ ಬಳಸಿ. ಸಂಖ್ಯೆಯಿಲ್ಲದ, ತಿರುವುಗಳಿರುವ, ಒಂದು ಚರ್ಚಿನಿಂದ ಇನ್ನೊಂದು ಚರ್ಚಿಗೆ ಹೋಗುವ ರಸ್ತೆಯನ್ನು ಹಿಡಿಯಿರಿ. ಅಂತಹ ರಸ್ತೆಗೆ ಸಮಾನಾಂತರವಾಗಿ ಸಂಖ್ಯೆಯ ರಸ್ತೆಯೊಂದು ಎರಡು ಮೂರು ಕಿಲೋಮೀಟರ್ ದೂರದಲ್ಲಿ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಆ ಭಾಗದ ವಾಹನಗಳನ್ನೆಲ್ಲ ಅದು ತನ್ನ ಕಡೆಗೆ ಸೆಳೆದುಕೊಂಡಿರುತ್ತದೆ. ನಾನು ಈ ದ್ವೀಪಸರಣಿಯನ್ನು ಆರಿಸಿದ್ದರ ಎರಡನೆಯ ಕಾರಣ ಇದೇ: ಟೋಸಿಂಗೆ, ಲಾಂಗೆಲಾಂಡ್, ಲೋಲಾಂಡ್‌ಗಳನ್ನು ದಾಟಿ ಹೋಗುವ 9ನೇ ಸಂಖ್ಯೆಯ ಹೆದ್ದಾರಿಯೇ ಅವಸರದವರನ್ನೆಲ್ಲ ಹೊತ್ತೊಯ್ಯುತ್ತದೆ, ಉಳಿದ ರಸ್ತೆಗಳು ಊರಿನವರಿಗೆ ಮತ್ತು ನಿಮಗೆ ಉಳಿಯುತ್ತವೆ.

ರಸ್ತೆಗೆ ಇಳಿದ ಮೇಲೆ ಕಣ್ಣಿಗೆ ಕಾಣುವ ಗುರುತೂ ಒಂದಿದೆ. ನಡುಗೆರೆ ಎಳೆಯದ ರಸ್ತೆಯೆಂದರೆ ಸಾಮಾನ್ಯವಾಗಿ ಸಂಚಾರ ವಿರಳವೆಂದೇ ಅರ್ಥ. ಆದರೆ ಇದನ್ನು 2-ಮೈನಸ್-1 ಎಂದು ಕರೆಯುವ ರಸ್ತೆಗಳೊಂದಿಗೆ ಬೆರೆಸಿಕೊಳ್ಳಬೇಡಿ. ಅಲ್ಲಿ ಎರಡೂ ಅಂಚುಗಳಲ್ಲಿ ಅಗಲವಾದ ಪಟ್ಟಿ ಬಿಟ್ಟು, ತುಂಡುಗೆರೆ ಎಳೆದು, ನಡುವೆ ಒಂದೇ ವಾಹನಕ್ಕೆ ಸಾಲುವಷ್ಟು ಜಾಗ ಉಳಿಸಿರುತ್ತಾರೆ. ಎರಡೂ ದಿಕ್ಕಿನ ಕಾರುಗಳು ನಡುವೆಯೇ ಓಡುತ್ತವೆ, ಎದುರುಬದುರಾದಾಗ ಮಾತ್ರ ಅಂಚಿನ ಪಟ್ಟಿಗೆ ಸರಿದು ಒಂದಕ್ಕೊಂದು ದಾರಿ ಬಿಡುತ್ತವೆ. ಅಂಚಿನಲ್ಲಿ ಸೈಕಲ್ ಇದ್ದರೆ ಕಾರು ಹಿಂದೆಯೇ ನಿಧಾನಿಸಿ ಕಾಯಬೇಕು. ಇದನ್ನು ಮೊದಲೇ ಅಕ್ಕನವರಿಗೆ ವಿವರಿಸಿ. ತಿಳಿಯದವರಿಗೆ ಎದುರಿನ ಕಾರು ರಸ್ತೆಯ ನಡುವೆ ನೇರವಾಗಿ ತಮ್ಮತ್ತಲೇ ಬರುತ್ತಿದೆ ಎಂದು ಗಾಬರಿಯಾಗುತ್ತದೆ.

ಹೊತ್ತನ್ನೂ ನೀವೇ ಆರಿಸಿಕೊಳ್ಳಬಹುದು. ಜೂನ್‌ನಲ್ಲಿ ಇಲ್ಲಿ ಬೆಳಗಿನ ನಾಲ್ಕೂವರೆಗೆ ಸೂರ್ಯ ಹುಟ್ಟಿ ರಾತ್ರಿ ಹತ್ತರ ಸುಮಾರಿಗೆ ಮುಳುಗುತ್ತಾನೆ. ಕೆಲಸಕ್ಕೆ ಹೋಗುವವರ ಓಡಾಟ ಬೆಳಿಗ್ಗೆ ಏಳರಿಂದ ಎಂಟು, ಮರಳುವವರದು ಮಧ್ಯಾಹ್ನ ಮೂರರಿಂದ ಐದು. ಸಂಜೆ ಆರರ ನಂತರ ಎಲ್ಲರೂ ಊಟಕ್ಕೆ ಕೂತಿರುತ್ತಾರೆ, ಹಗಲಿನ ಬಿಸಿಲಿಗೆ ಎದ್ದ ಗಾಳಿಯೂ ಇಳಿಯುತ್ತದೆ. ಆಗ ಎಂಟೂವರೆಯವರೆಗೆ ಸೈಕಲ್ ತುಳಿಯುವುದರಷ್ಟು ಸುಖ ಬೇರೆಯಿಲ್ಲ. ದಿನದ ಅರ್ಧ ದೂರವನ್ನು ಸಂಜೆಗೆ ಉಳಿಸಿಕೊಳ್ಳಿ ಎಂಬುದು ನನ್ನ ಒತ್ತಾಯದ ಸಲಹೆ.

ನೀಲಿ ಫಲಕಗಳ ಬಗ್ಗೆ ಕೇಳಿದ್ದೀರಿ. ಈ ದ್ವೀಪಗಳ ಮೂಲಕ ಹಾದುಹೋಗುವುದು 8ನೇ ರಾಷ್ಟ್ರೀಯ ಮಾರ್ಗ, ಅಂದರೆ ಬಾಲ್ಟಿಕ್ ಕಡಲ ಮಾರ್ಗ; ಅದರ ಒಟ್ಟು ಉದ್ದ ಸುಮಾರು 820 ಕಿಲೋಮೀಟರ್. ಕೆಂಪು ಚೌಕದೊಳಗೆ ಬಿಳಿಯ ಅಂಕಿಯಿದ್ದರೆ ರಾಷ್ಟ್ರೀಯ ಮಾರ್ಗವೆಂದು ತಿಳಿಯಿರಿ. ಅದನ್ನು ಬೆನ್ನೆಲುಬಾಗಿ ಇಟ್ಟುಕೊಂಡು, ಅದು ದೊಡ್ಡ ರಸ್ತೆಯ ಪಕ್ಕಕ್ಕೆ ಬಂದಾಗಲೆಲ್ಲ ಮೇಲೆ ಹೇಳಿದ ಬಗೆಯ ಕಿರುರಸ್ತೆಗೆ ಹೊರಳಿಕೊಳ್ಳಿ. ಕೆಲವು ಕಡೆ ಅದು ಜಲ್ಲಿ ದಾರಿಯಲ್ಲಿಯೂ ಹೋಗುತ್ತದೆ, ಹಾಗಾಗಿ ಸಪೂರ ಟೈರಿನ ರೇಸ್ ಸೈಕಲ್ ಬೇಡ. 35 ಮಿಲಿಮೀಟರ್ ಅಗಲದ ಟೈರ್ ಇರುವ ಸಾಧಾರಣ ಸೈಕಲ್ ಸಾಕು.

ಟೋಸಿಂಗೆಯಲ್ಲಿ ಅವಸರ ಮಾಡಬೇಡಿ. ಸ್ವೆಂಡ್‌ಬೋರ್ಗ್‌ನ ಸೇತುವೆ ಇಳಿದ ಕೂಡಲೆ ಎಡಕ್ಕೆ ಹೊರಳಿ ಟ್ರೊಯೆನ್ಸೆ ಎಂಬ ಹಳೆಯ ನಾವಿಕರ ಊರಿನ ಮೂಲಕ ಹೋಗಿ. ಮನೆಗಳ ಹುಲ್ಲಿನ ಮಾಡು ಕಿಟಕಿಯ ನೆತ್ತಿಯವರೆಗೆ ಇಳಿದಿರುತ್ತದೆ, ಬಾಗಿಲ ಪಕ್ಕದಲ್ಲಿ ಕಲ್ಲುಹಾಸಿನ ಬಿರುಕಿನಿಂದಲೇ ಎದ್ದ ಹಾಲಿಹಾಕ್ ಗಿಡಗಳು ಆಳೆತ್ತರ ಬೆಳೆದಿರುತ್ತವೆ. ಬ್ರೆಗ್ನಿಂಗೆ ಚರ್ಚಿನ ಗೋಪುರ ಹತ್ತಿದರೆ ಸುತ್ತಲಿನ ದ್ವೀಪಗಳೆಲ್ಲ ಕಾಣುತ್ತವೆ. ಮುಂದಿನ ದಿನಗಳ ದಾರಿಯನ್ನು ಅಕ್ಕನವರಿಗೆ ಅಲ್ಲಿಂದಲೇ ತೋರಿಸಬಹುದು. ಲಾಂಗೆಲಾಂಡ್ ಉತ್ತರ ದಕ್ಷಿಣವಾಗಿ ನೀಳವಾಗಿರುವ ದ್ವೀಪ. ಹಿಮನದಿ ಬಿಟ್ಟುಹೋದ, ಟೋಪಿಯ ಆಕಾರದ ಸಣ್ಣ ದಿಬ್ಬಗಳು ಅಲ್ಲಿ ಸಾಲಾಗಿವೆ, ಏರಿಳಿತವಿದ್ದರೂ ಉಸಿರು ಕಟ್ಟಿಸುವಂಥದ್ದಲ್ಲ. ಸ್ಪೋಡ್ಸ್‌ಬ್ಯೆರ್ಗ್‌ನಿಂದ ಲೋಲಾಂಡ್‌ನ ಟೋರ್ಸ್‌ಗೆ ಹಡಗಿನಲ್ಲಿ 45 ನಿಮಿಷ. ಹಡಗಿನಿಂದ ಇಳಿದಾಗ ಹತ್ತು ಹದಿನೈದು ನಿಮಿಷ ದಡದಲ್ಲಿಯೇ ನಿಂತು ನೀರು ಕುಡಿಯಿರಿ. ಅಷ್ಟರಲ್ಲಿ ಜೊತೆಗೆ ಇಳಿದ ಕಾರು, ಲಾರಿಗಳೆಲ್ಲ ಹೊರಟುಹೋಗಿರುತ್ತವೆ, ಮುಂದಿನ ಹಡಗು ಬರುವವರೆಗೆ ರಸ್ತೆ ಬರಿದಾಗಿರುತ್ತದೆ.

ಲೋಲಾಂಡ್ ಅಚ್ಚ ಬಯಲು. 1872ರ ನವೆಂಬರ್ 13ರಂದು ಬಾಲ್ಟಿಕ್ ಕಡಲು ಉಕ್ಕಿ ದ್ವೀಪದ ದಕ್ಷಿಣ ಭಾಗವನ್ನು ಮುಳುಗಿಸಿತು, ಬಹಳ ಜನ ಸತ್ತರು. ಆ ನಂತರ ದಕ್ಷಿಣ ತೀರದುದ್ದಕ್ಕೂ ಕಟ್ಟಿದ ಏರಿ ಇಂದಿಗೂ ಇದೆ. ಏರಿಯ ಮಗ್ಗುಲಲ್ಲಿ ಸೈಕಲ್ಲಿನಲ್ಲಿ ಹೋಗುವಾಗ ಒಂದು ಕಡೆ ಕಡಲು, ಇನ್ನೊಂದು ಕಡೆ ಕಡಲಿಗಿಂತ ತಗ್ಗಿನಲ್ಲಿರುವ ಹೊಲಗಳು. ಆದರೆ ರೋಡ್ಬಿಹಾವ್ನ್ ಬಂದರಿನ ಸುತ್ತ ಜರ್ಮನಿಗೆ ಕಡಲಡಿಯ ಸುರಂಗ ಕಟ್ಟುವ ಭಾರಿ ಕಾಮಗಾರಿ ನಡೆದಿರುವುದರಿಂದ ಲಾರಿಗಳು ಬಹಳ. ಆ ಭಾಗವನ್ನು ಪೂರ್ತಿ ಬಿಟ್ಟು, ಉತ್ತರಕ್ಕೆ ಮಾರಿಬೋ ಊರಿನ ಕೆರೆಗಳ ಕಡೆಯಿಂದ ಬಳಸಿ ಹೋಗಿ.

ಉತ್ತರ 2: ಲುಂಡ್‌ನಿಂದ

ಓಡೆನ್ಸೆಯವರು ಹೇಳಿದ್ದನ್ನು ಒಪ್ಪುತ್ತಲೇ, ಬೇರೆ ಒಂದು ದಾರಿಯನ್ನೂ ನಿಮ್ಮ ಮುಂದಿಡುತ್ತೇನೆ. ರಸ್ತೆಯಲ್ಲಿ ಮೋಟಾರು ವಾಹನವೇ ಇರಬಾರದು ಎಂಬುದು ಅಕ್ಕನವರ ಮೊದಲ ಬೇಡಿಕೆಯಾದರೆ ಬೋರ್ನ್‌ಹೋಮ್ ದ್ವೀಪಕ್ಕೆ ಹೋಗಿ. ಸ್ವೀಡನ್ನಿನ ಈಸ್ಟಾಡ್ ಬಂದರಿನಿಂದ ವೇಗದ ಹಡಗಿನಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷದ ಪಯಣ. ಆ ದ್ವೀಪದಲ್ಲಿ ಹಿಂದೆ ಇದ್ದ ಕಿರು ರೈಲುಮಾರ್ಗಗಳು 1968ರಲ್ಲಿ ಕೊನೆಯದಾಗಿ ಮುಚ್ಚಿದವು. ಹಳಿ ಕಿತ್ತ ಆ ಹಾಸುಗಳ ಮೇಲೆ ಇಂದು ಹಲವು ಕಡೆ ಸೈಕಲ್ ಪಥಗಳಿವೆ. ರೈಲಿಗಾಗಿ ಮಾಡಿದ ಹಾಸಾದ್ದರಿಂದ ಏರುಗಳು ಬಹಳ ಮೃದು. ಹೊಲ, ಕಾಡು, ಕಲ್ಲುಗುಡ್ಡಗಳ ನಡುವೆ ಮೋಟಾರಿನ ಸದ್ದು ಕೇಳದೆ ಹೋಗುತ್ತಿರಬಹುದು. ಡೆನ್ಮಾರ್ಕ್‌ನ ಉಳಿದ ಭಾಗ ಹಿಮನದಿ ತಂದು ಸುರಿದ ಮಣ್ಣು, ಸುಣ್ಣಕಲ್ಲುಗಳ ನೆಲವಾದರೆ ಇಲ್ಲಿ ಗ್ರಾನೈಟ್ ಬಂಡೆಯೇ ಮೇಲೆದ್ದಿದೆ. ದ್ವೀಪವನ್ನು ಸುತ್ತಿಬರುವ 10ನೇ ರಾಷ್ಟ್ರೀಯ ಮಾರ್ಗ ಸುಮಾರು 105 ಕಿಲೋಮೀಟರ್, ಅಂದರೆ ಮೂರು ದಿನಕ್ಕೆ ನಿಧಾನವಾಗಿ ಮುಗಿಯುತ್ತದೆ; ಉಳಿದ ದಿನಗಳನ್ನು ಒಳನಾಡಿನ ಅಲ್ಮಿಂಡಿಂಗೆನ್ ಕಾಡಿಗೆ ಮತ್ತು ನಾಲ್ಕು ದುಂಡು ಚರ್ಚುಗಳಿಗೆ ಕೊಡಬಹುದು. ಅವುಗಳಲ್ಲಿ ಓಸ್ಟರ್‌ಲಾರ್ಸ್‌ನದು ಎಲ್ಲಕ್ಕಿಂತ ದೊಡ್ಡದು.

ಒಂದು ಎಚ್ಚರಿಕೆ: ಜೂನ್ ಮಧ್ಯದಲ್ಲಿ ದ್ವೀಪದ ಉತ್ತರ ತುದಿಯ ಅಲಿಂಗೆ ಊರಿನಲ್ಲಿ ರಾಜಕೀಯ ಪಕ್ಷಗಳು, ಸಂಘಸಂಸ್ಥೆಗಳೆಲ್ಲ ಸೇರುವ ಜನಸಮಾವೇಶ 2011ರಿಂದ ನಡೆದುಬಂದಿದೆ. ಆ ದಿನಗಳಲ್ಲಿ ಇಡೀ ದ್ವೀಪದಲ್ಲಿ ತಂಗಲು ಕೋಣೆ ಸಿಗುವುದು ಕಷ್ಟ. ಅದರ ದಿನಾಂಕ ನೋಡಿಕೊಂಡೇ ಹೊರಡಿ.

ಸ್ವೀಡನ್ನಿನ ನಮ್ಮ ಸ್ಕೋನೆ ಪ್ರಾಂತ್ಯದ ಆಗ್ನೇಯ ಮೂಲೆಯಾದ ಓಸ್ಟರ್ಲೆನ್ ಕೂಡ ಚೆನ್ನ. ಹೊಲದ ನಡುವೆ ಮನೆಗಳು ಚದುರಿದ ಇತಿಹಾಸ ಇಲ್ಲಿಯೂ ಹಾಗೆಯೇ: 1780ರ ದಶಕದಲ್ಲಿ ಸ್ವಾನೆಹೋಲ್ಮ್‌ನ ಜಮೀನ್ದಾರ ರುಟ್ಗರ್ ಮ್ಯಾಕ್ಲೀನ್ ತನ್ನ ಒಡೆತನದ ಹಳ್ಳಿಗಳಲ್ಲಿ ಇದನ್ನು ಮಾಡಿದ, 1803ರಲ್ಲಿ ಇಡೀ ಸ್ಕೋನೆಗೆ ಅದು ಶಾಸನವಾಯಿತು. ವ್ಯತ್ಯಾಸವೆಂದರೆ ಇಲ್ಲಿ ಆ ದಾರಿಗಳಲ್ಲಿ ಬಹಳಷ್ಟು ಇನ್ನೂ ಜಲ್ಲಿಯವೇ, ಹಾಗಾಗಿ ಕಾರುಗಳು ಇನ್ನೂ ಕಡಿಮೆ. ಸ್ಥಳೀಯ ರೈಲಿನಲ್ಲಿ ಸೈಕಲ್ ಹತ್ತಿಸಿ ಸಿಮ್ರಿಸ್‌ಹಾಮ್ನ್‌ವರೆಗೆ ಬರಬಹುದು. ಎರಡು ದೇಶಗಳ ನಡುವಿನ ಓರೆಸುಂಡ್ ಸೇತುವೆಯ ಮೇಲೆ ಸೈಕಲ್ ತುಳಿಯಲು ಅವಕಾಶವಿಲ್ಲದ ಕಾರಣ ಕೋಪನ್‌ಹೇಗನ್‌ನಿಂದಲೂ ರೈಲಿನಲ್ಲೇ ಬರಬೇಕು. ಸ್ವೀಡನ್ನಿನಲ್ಲಿ ಎಲ್ಲಿ ಬೇಕಾದರೂ ಒಂದು ರಾತ್ರಿ ಗುಡಾರ ಹಾಕಬಹುದು ಎಂದು ಹಲವರು ಹೇಳುತ್ತಾರೆ. ಸಾರ್ವಜನಿಕ ಸಂಚಾರದ ಹಕ್ಕು ಇರುವುದು ನಿಜ, ಆದರೆ ಅದು ಬೆಳೆಯಿರುವ ಹೊಲಕ್ಕೂ ಮನೆಗಳ ಆಸುಪಾಸಿಗೂ ಅನ್ವಯಿಸುವುದಿಲ್ಲ; ಸ್ಕೋನೆ ಬಹುಪಾಲು ಉಳುವ ನೆಲವೇ ಆಗಿರುವುದರಿಂದ ಇಲ್ಲಿ ಆ ಹಕ್ಕನ್ನು ನೆಚ್ಚಿಕೊಂಡು ಹೊರಡಬಾರದು. ಡೆನ್ಮಾರ್ಕ್‌ನಲ್ಲಂತೂ ಅಂತಹ ಹಕ್ಕೇ ಇಲ್ಲ, ಗೊತ್ತುಪಡಿಸಿದ ಜಾಗಗಳಲ್ಲಿ ಮಾತ್ರ ಗುಡಾರ ಹಾಕಬೇಕು. ಮತ್ತೆ, ಜೂನ್ 19ರಿಂದ 25ರೊಳಗೆ ಬರುವ ಶುಕ್ರವಾರ ಇಲ್ಲಿ ನಡುಬೇಸಿಗೆಯ ಹಬ್ಬ. ಆಗ ಅನೇಕ ಅಂಗಡಿಗಳು ಮುಚ್ಚಿರುತ್ತವೆ, ಪಟ್ಟಣಗಳಿಂದ ಕಾರುಗಳು ಓಸ್ಟರ್ಲೆನ್‌ಗೆ ಸಾಲುಗಟ್ಟುತ್ತವೆ. ಆ ವಾರವನ್ನು ಬಿಟ್ಟುಬಿಡಿ.

ಉತ್ತರ 3: ಕೃಷಿ ವಿದ್ಯಾರ್ಥಿನಿ

ನಾನು ಕೃಷಿ ವಿಜ್ಞಾನ ಓದುತ್ತಿರುವವಳು. ತರಬೇತಿಗಾಗಿ ಲೋಲಾಂಡ್‌ನ ಒಂದು ಹೊಲಮನೆಯಲ್ಲಿ ಇದ್ದೆ. ಹಳ್ಳಿಯ ರಸ್ತೆಯ ಸದ್ದು ಹೊಲದ ಕೆಲಸವನ್ನು ಅನುಸರಿಸಿ ಏರುತ್ತದೆ, ಇಳಿಯುತ್ತದೆ ಎಂಬುದನ್ನು ಮೇಲಿನ ಉತ್ತರಗಳಿಗೆ ಸೇರಿಸಬೇಕೆನಿಸಿತು.

ಲೋಲಾಂಡ್, ಫಾಲ್ಸ್ಟರ್‌ಗಳು ಸಕ್ಕರೆ ಬೀಟಿನ ನಾಡು. ನಕ್ಸ್ಕೋವ್ ಮತ್ತು ನ್ಯೂಕ್ಯೋಬಿಂಗ್‌ಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಸೆಪ್ಟೆಂಬರ್ ಮಧ್ಯದಿಂದ ಚಳಿಗಾಲದ ನಡುವಿನವರೆಗೆ ಗೆಡ್ಡೆ ತುಂಬಿದ ಲಾರಿಗಳು ಹಗಲೂ ರಾತ್ರಿ ಓಡುತ್ತವೆ, ನೀವು ಆರಿಸಿಕೊಳ್ಳುವ ಕಿರುರಸ್ತೆಗಳಲ್ಲಿಯೂ ಬರುತ್ತವೆ, ಚಕ್ರಕ್ಕೆ ಮೆತ್ತಿದ ಹೊಲದ ಮಣ್ಣು ಡಾಂಬರಿನ ಮೇಲೆ ಬಿದ್ದು ಮಳೆಗೆ ಜಾರತೊಡಗುತ್ತದೆ. ಜುಲೈ ಕೊನೆಯಿಂದ ಆಗಸ್ಟ್‌ನಲ್ಲಿ ಗೋಧಿ, ಬಾರ್ಲಿಯ ಕೊಯ್ಲು; ರಸ್ತೆಯಷ್ಟೇ ಅಗಲದ ಕೊಯ್ಲು ಯಂತ್ರಗಳು ಒಂದು ಹೊಲದಿಂದ ಇನ್ನೊಂದಕ್ಕೆ ಸಾಗುತ್ತವೆ. ಮಾರ್ಚ್‌ನಿಂದ ಮೇವರೆಗೆ ಹಂದಿ ಸಾಕಣೆಯ ಗೊಬ್ಬರದ ನೀರನ್ನು ಟ್ಯಾಂಕರುಗಳಲ್ಲಿ ತಂದು ಹೊಲಕ್ಕೆ ಉಣಿಸುತ್ತಾರೆ, ಅದರ ವಾಸನೆ ಗಾವುದ ದೂರ ಹರಡುತ್ತದೆ. ಇವೆಲ್ಲದರ ನಡುವೆ ಜೂನ್ ಒಂದು ಬಿಡುವಿನ ತಿಂಗಳು. ಬಿತ್ತನೆ ಮುಗಿದಿರುತ್ತದೆ, ಕೊಯ್ಲಿಗೆ ಇನ್ನೂ ಹೊತ್ತಿರುತ್ತದೆ, ಬಾರ್ಲಿಯ ಉದ್ದನೆಯ ಮೀಸೆಗಳು ಹಸಿರಿನಿಂದ ಬೆಳ್ಳಿಗೆ ತಿರುಗುತ್ತಿರುತ್ತವೆ, ಹೊಲದ ಬದುವಿನಲ್ಲಿ ಕೆಂಪು ಗಸಗಸೆ ಹೂ ಅರಳಿರುತ್ತದೆ. ನೀವು ಆರಿಸಿದ ತಿಂಗಳು ಸರಿಯಾಗಿದೆ.

ಆದರೂ ಆಗೊಮ್ಮೆ ಈಗೊಮ್ಮೆ ಟ್ರ್ಯಾಕ್ಟರ್ ಎದುರಾಗುತ್ತದೆ. ಅದು ದೂರದಲ್ಲಿರುವಾಗಲೇ ಹೊಲಕ್ಕೆ ಇಳಿಯುವ ದಾರಿಯ ಬಾಯಲ್ಲಿ ಸೈಕಲ್ ನಿಲ್ಲಿಸಿ ದಾರಿ ಬಿಟ್ಟುಕೊಡಿ. ಹೀಗೆ ನಿಲ್ಲಲು ಕಾನೂನು ಹೇಳುವುದಿಲ್ಲ, ಆದರೆ ಅದರ ಹಿಂದೆ ಕಟ್ಟಿದ ಉಪಕರಣ ತಿರುವಿನಲ್ಲಿ ಎಷ್ಟು ಅಗಲಕ್ಕೆ ಬೀಸುತ್ತದೆ ಎಂಬುದು ಸೈಕಲ್ ಮೇಲಿರುವವರಿಗೆ ಅಂದಾಜಾಗುವುದಿಲ್ಲ. ಚಾಲಕ ಕೈಯೆತ್ತಿ ನಮಸ್ಕರಿಸಿ ಹೋಗುತ್ತಾನೆ, ನೀವೂ ಕೈಯೆತ್ತಿ.

ಊಟದ ವಿಷಯದಲ್ಲಿ ಹಳ್ಳಿಯ ಛತ್ರದಂತಹ ಹೋಟೆಲುಗಳನ್ನು ನೆಚ್ಚಿಕೊಳ್ಳಬೇಡಿ. ಅಲ್ಲಿ ಮಾಂಸ, ಮೀನುಗಳೇ ಹೆಚ್ಚು, ಅನೇಕವು ವಾರದಲ್ಲಿ ಕೆಲವು ದಿನ ಮಾತ್ರ ತೆರೆದಿರುತ್ತವೆ. ಪುಟ್ಟದೊಂದು ಗ್ಯಾಸ್ ಒಲೆ, ಒಂದು ಪಾತ್ರೆ, ಮನೆಯಲ್ಲಿ ಹುರಿದು ಕಟ್ಟಿಕೊಂಡ ಉಪ್ಪಿಟ್ಟಿನ ರವೆ, ಚಟ್ನಿಪುಡಿ ಇದ್ದರೆ ನಿಶ್ಚಿಂತೆ. ಉಳಿದದ್ದನ್ನು ರಸ್ತೆಯೇ ಕೊಡುತ್ತದೆ. ಹೊಲಮನೆಗಳ ಮುಂದೆ ಮಾಡು ಹೊದಿಸಿದ ಮರದ ಗೂಡು ಇರುತ್ತದೆ, ಅದರಲ್ಲಿ ಮಣ್ಣು ಮೆತ್ತಿದ ಹೊಸ ಆಲೂಗಡ್ಡೆಯ ಚೀಲಗಳು, ರಟ್ಟಿನ ಪೆಟ್ಟಿಗೆಯಲ್ಲಿ ಸ್ಟ್ರಾಬೆರಿ, ಹಸಿ ಬಟಾಣಿಯ ಕಾಯಿ, ಜೇನು. ಕಾಯುವವರು ಯಾರೂ ಇರುವುದಿಲ್ಲ; ಬೆಲೆಯನ್ನು ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ, ಹಣವನ್ನು ಮೊಬೈಲ್‌ಪೇ ಮೂಲಕ ಕಳುಹಿಸಬೇಕು ಅಥವಾ ಪಕ್ಕದ ತಗಡಿನ ಡಬ್ಬಿಗೆ ಹಾಕಬೇಕು. ಚಿಲ್ಲರೆ ಕೊಡುವವರಿಲ್ಲದ ಕಾರಣ ಹತ್ತು, ಇಪ್ಪತ್ತು ಕ್ರೋನರ್‌ಗಳ ನಾಣ್ಯಗಳನ್ನು ಕೂಡಿಟ್ಟುಕೊಂಡು ಹೋಗಿ. ಕುಡಿಯುವ ನೀರಿಗೆ ಚರ್ಚಿನ ಅಂಗಳ ನೋಡಿ: ಸಮಾಧಿಗಳ ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಇರುತ್ತದೆ, ಹಲವು ಕಡೆ ಶೌಚಾಲಯವೂ ಇರುತ್ತದೆ. ಜೂನ್ 5 ಸಂವಿಧಾನ ದಿನವಾದ್ದರಿಂದ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ, ಹಿಂದಿನ ದಿನವೇ ಬ್ರೆಡ್ಡು, ಚೀಸು ಕೊಂಡಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು: ಕೋಪನ್‌ಹೇಗನ್ ವಾಸಿ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಅಕ್ಕನಿಗೆ ಫೋನಿನಲ್ಲಿ ಎಲ್ಲವನ್ನೂ ಓದಿ ಹೇಳಿದೆ. ಏರಿಯ ಮೇಲಿನ ದಾರಿಯ ಮಾತು ಕೇಳಿ ಅವಳು ದ್ವೀಪಸರಣಿಯನ್ನೇ ಆರಿಸಿಕೊಂಡಳು. ಬೋರ್ನ್‌ಹೋಮ್ ಮುಂದಿನ ಸಲಕ್ಕೆ ಉಳಿಯಿತು. ಇನ್ನೆರಡು ಸಂದೇಹಗಳಿವೆ. ಅವಳಿಗೆ ಜೀವಮಾನವೆಲ್ಲ ರಸ್ತೆಯ ಎಡಗಡೆಯಲ್ಲಿ ಹೋಗಿ ಅಭ್ಯಾಸ, ಇಲ್ಲಿ ಬಲಗಡೆ. ಇದಕ್ಕೆ ಏನಾದರೂ ಪೂರ್ವಸಿದ್ಧತೆ ಬೇಕೇ? ಮತ್ತೆ, ರೈಲು ಮತ್ತು ಹಡಗುಗಳಲ್ಲಿ ಎರಡು ಸೈಕಲ್‌ಗಳಿಗೆ ಜಾಗ ಸಿಗುವುದೇ? ಮ್ಯೋನ್ ದ್ವೀಪದ ಸುಣ್ಣಕಲ್ಲಿನ ಕಡಿದಾದ ತೀರವನ್ನೂ ಅವಳು ನೋಡಬೇಕಂತೆ.

ಉತ್ತರ 4: ಓಡೆನ್ಸೆ ನಿವಾಸಿ

ಎಡಬಲದ ಪ್ರಶ್ನೆ ಬಹಳ ಮುಖ್ಯವಾದದ್ದು, ಅದನ್ನು ಕೇಳಿದ್ದು ಒಳ್ಳೆಯದಾಯಿತು. ವಾಹನಗಳಿರುವ ರಸ್ತೆಯಲ್ಲಿ ಎದುರಿನವರನ್ನು ನೋಡಿಯೇ ನಮಗೆ ಬಲಗಡೆಯ ನೆನಪಾಗುತ್ತದೆ; ತಪ್ಪುವುದು ಬರಿದಾದ ರಸ್ತೆಯಲ್ಲಿ. ಸ್ಟ್ರಾಬೆರಿ ಕೊಳ್ಳಲೆಂದು ನಿಂತು ಮತ್ತೆ ಹೊರಡುವಾಗ, ಕವಲಿನಲ್ಲಿ ತಿರುಗುವಾಗ, ಹಳೆಯ ಅಭ್ಯಾಸ ತಾನಾಗಿ ಎಡಕ್ಕೆ ಎಳೆಯುತ್ತದೆ, ಎಚ್ಚರಿಸಲು ರಸ್ತೆಯಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ನಿಂತು ಹೊರಡುವಾಗಲೆಲ್ಲ ನೀವು ಮುಂದೆ, ಅಕ್ಕನವರು ಹಿಂದೆ. ವಿಶ್ರಾಂತಿಗೆ ನಿಲ್ಲುವಾಗಲೂ ರಸ್ತೆಯ ಬಲಬದಿಯಲ್ಲಿಯೇ ನಿಲ್ಲಿ. ಎಡಕ್ಕೆ ತಿರುಗುವ ಕ್ರಮವೂ ಇಲ್ಲಿ ಬೇರೆ: ಸೈಕಲ್ಲಿನವರು ರಸ್ತೆಯ ನಡುವಿಗೆ ಬಂದು ತಿರುಗುವಂತಿಲ್ಲ. ಬಲ ಅಂಚಿನಲ್ಲಿಯೇ ಕೂಡುರಸ್ತೆಯನ್ನು ನೇರವಾಗಿ ದಾಟಿ, ಆಚೆ ಬದಿಯಲ್ಲಿ ನಿಂತು, ದಾರಿ ಬಿಡುವಾದ ಮೇಲೆ ಎಡಕ್ಕೆ ಹೋಗಬೇಕು. ನಿಲ್ಲುವ ಮೊದಲು ಕೈಯೆತ್ತಿ, ತಿರುಗುವ ಮೊದಲು ಕೈಚಾಚಿ ಸೂಚನೆ ಕೊಡುವುದು ಇಲ್ಲಿ ಕಡ್ಡಾಯ. ಬಂದ ಮೊದಲ ಎರಡು ದಿನ ನಿಮ್ಮ ಬಡಾವಣೆಯಲ್ಲಿಯೇ ಇದನ್ನು ಅಭ್ಯಾಸ ಮಾಡಿಸಿ.

ರೈಲಿನ ವಿಷಯ: ಕೋಪನ್‌ಹೇಗನ್‌ನ ಉಪನಗರ ರೈಲುಗಳಲ್ಲಿ ಸೈಕಲ್ಲಿಗೆ ಟಿಕೆಟ್ ಬೇಡವೆಂಬ ಅಭ್ಯಾಸದಲ್ಲಿ ದೂರದ ರೈಲಿಗೂ ಹಾಗೆಯೇ ಹೋಗಬೇಡಿ. ಓಡೆನ್ಸೆಯ ಕಡೆಗೆ ಬರುವ ದೂರದ ರೈಲುಗಳಲ್ಲಿ ಬೇಸಿಗೆಯಲ್ಲಿ ಸೈಕಲ್ಲಿಗೂ ಜಾಗ ಕಾಯ್ದಿರಿಸಬೇಕು, ಆ ಜಾಗಗಳು ಬೆರಳೆಣಿಕೆಯಷ್ಟೇ ಇರುತ್ತವೆ. ಕೋಪನ್‌ಹೇಗನ್ ಇರುವ ದ್ವೀಪಕ್ಕೂ ಫ್ಯೂನ್‌ಗೂ ನಡುವಿನ ದೊಡ್ಡ ಜಲಸಂಧಿಯ ಸೇತುವೆಯ ಮೇಲೆ ಸೈಕಲ್ಲಿಗೆ ಪ್ರವೇಶವಿಲ್ಲವಾದ್ದರಿಂದ ಬೇರೆ ದಾರಿಯೂ ಇಲ್ಲ. ದಿನಾಂಕ ನಿಶ್ಚಯವಾದ ಕೂಡಲೆ ಕಾಯ್ದಿರಿಸಿ. ಲೋಲಾಂಡ್‌ಗೆ ಹೋಗುವ ಹಡಗು ದೊಡ್ಡದು, ಎರಡು ಸೈಕಲ್‌ಗಳಿಗೆ ಚಿಂತೆಯಿಲ್ಲ. ಎಚ್ಚರ ಬೇಕಾದದ್ದು ಫಾಲ್ಸ್ಟರ್‌ನ ಸ್ಟುಬ್ಬೆಕ್ಯೋಬಿಂಗ್‌ನಿಂದ ಬೋಗ್ಯೋಗೆ ಹೋಗುವ ಪುಟ್ಟ ದೋಣಿಯ ಬಗ್ಗೆ. ಅದು ಬೇಸಿಗೆಯಲ್ಲಷ್ಟೇ ಓಡುತ್ತದೆ, ಸಂಜೆ ಬೇಗ ನಿಲ್ಲುತ್ತದೆ. ಪಕ್ಕದ ಫಾರೋ ಸೇತುವೆಗಳು ಮೋಟಾರು ಹೆದ್ದಾರಿಗೆ ಸೇರಿದವಾದ್ದರಿಂದ ಸೈಕಲ್ಲಿಗೆ ನಿಷಿದ್ಧ. ಇಡೀ ಪ್ರವಾಸದ ದಿನಗಳನ್ನು ಆ ದೋಣಿಯ ವೇಳಾಪಟ್ಟಿಗೆ ಹೊಂದಿಸಿಯೇ ಲೆಕ್ಕ ಹಾಕಿ.

ಮ್ಯೋನ್‌ನ ಬಿಳಿಯ ತೀರದ ನೆತ್ತಿ ಕಡಲಿನಿಂದ 128 ಮೀಟರ್ ಎತ್ತರದಲ್ಲಿದೆ, ಅಲ್ಲಿಗೆ ಹೋಗುವ ಕೊನೆಯ ಕೆಲವು ಕಿಲೋಮೀಟರ್‌ಗಳೇ ನಿಮ್ಮ ಪ್ರವಾಸದ ನಿಜವಾದ ಏರು. ದಾರಿಯೂ ಅಲ್ಲಿಗೆ ಒಂದೇ ಆಗಿರುವುದರಿಂದ ಹಗಲು ಹೊತ್ತಿನಲ್ಲಿ ಪ್ರವಾಸಿಗರ ಕಾರುಗಳಿರುತ್ತವೆ. ಹೀಗೆ ಮಾಡಿ: ದ್ವೀಪದ ಪಶ್ಚಿಮ ತುದಿಯ ಫಾನೆಫ್ಯೋರ್ಡ್ ಚರ್ಚಿನಲ್ಲಿ ಸುಣ್ಣದ ಗೋಡೆಯ ಮೇಲಿನ ಮಧ್ಯಯುಗದ ಚಿತ್ರಗಳನ್ನು ನೋಡಿಕೊಂಡು, ಹೊಲಗಳ ನಡುವಿನ ರಸ್ತೆಗಳಲ್ಲಿ ಸ್ಟೇಗೆ ಊರಿಗೆ ಬಂದು ಎರಡು ರಾತ್ರಿ ಅಲ್ಲಿಯೇ ತಂಗಿ. ನಡುವಿನ ದಿನ ಚೀಲಗಳನ್ನೆಲ್ಲ ಕೋಣೆಯಲ್ಲಿ ಬಿಟ್ಟು, ಬೆಳಗಿನ ಐದೂವರೆಗೆ ಬರಿಯ ಸೈಕಲ್ಲಿನಲ್ಲಿ ಹೊರಟರೆ ಎಂಟರ ಹೊತ್ತಿಗೆ ತೀರದ ನೆತ್ತಿ ತಲುಪುತ್ತೀರಿ. ಬೆಳಗಿನ ಬಿಸಿಲು ನೇರವಾಗಿ ಆ ಬಿಳಿಯ ಗೋಡೆಯ ಮೇಲೆ ಬೀಳುವುದು ಆಗಲೇ, ಮೊದಲ ಕಾರುಗಳು ಬರುವಷ್ಟರಲ್ಲಿ ನೀವು ಮೆಟ್ಟಿಲಿಳಿದು ಕಡಲಂಚು ನೋಡಿ ಬರಬಹುದು. ಮೆಟ್ಟಿಲುಗಳು ಬಹಳವಿವೆ, ಮಳೆ ಬಂದ ಮರುದಿನ ಬಂಡೆ ಕುಸಿಯುವ ಭಯವಿರುವುದರಿಂದ ಅಂದು ಕೆಳಗೆ ಇಳಿಯಬೇಡಿ. ಕೊನೆಯ ದಿನ ಸ್ಟೇಗೆಯಿಂದ ಕಾಲ್ವೆಹಾವೆ ಸೇತುವೆ ದಾಟಿ ವೊರ್ಡಿಂಗ್‌ಬೋರ್ಗ್ ನಿಲ್ದಾಣಕ್ಕೆ 30 ಕಿಲೋಮೀಟರಿನ ಒಳಗೇ ಆಗುತ್ತದೆ. ಮಧ್ಯಾಹ್ನ ಮೂರರ ಮುಂಚೆ ರೈಲು ಹತ್ತಿದರೆ ಎರಡು ಸೈಕಲ್‌ಗಳಿಗೂ ಸುಲಭವಾಗಿ ಜಾಗ ಸಿಗುತ್ತದೆ.